ಅರಿವಿನ ಎಲ್ಲೆ

ನೇತ್ರಾವತಿಯ ದಡದ ಬಂಟ್ವಾಳದಿಂದ ಉತ್ತರಾಭಿಮುಖವಾಗಿ ಹೊರಟು ಮೂಡುಬಿದಿರೆಯನ್ನು ಸೇರಿದ ಯಾತ್ರಿಕರು ಸಾವಿರ ಕಂಬದ ಬಸದಿಯ ಶಿಲ್ಪವೈಭವಕ್ಕೆ ಬೆರಗಾಗುವುದು ಸಹಜ. ಅದಕ್ಕಿಂತಲೂ ಹಿರಿದಾದ ನಿಧಿಯೊಂದನ್ನು ಆ ಊರು ಕಾಪಾಡಿಕೊಂಡು ಬಂದಿದೆ. ಸಿದ್ಧಾಂತ ಬಸದಿಯೆಂದೂ ಹೆಸರಾದ ಅಲ್ಲಿಯ ಗುರುಬಸದಿಯಲ್ಲಿ ‘ಧವಲಾ’ ಟೀಕೆಯ ತಾಳೆಯೋಲೆಗಳು ಶತಮಾನಗಳ ಕಾಲ ರಕ್ಷಿತವಾಗಿದ್ದವು. ಹಳೆಯ ಕನ್ನಡ ಲಿಪಿಯಲ್ಲಿ ಬರೆದ ಆ ಪ್ರಾಕೃತ ಗ್ರಂಥವನ್ನು ಓದಬಲ್ಲವರು ವಿರಳ. ದೂರದಿಂದ ಬಂದವರು ದರ್ಶನ ಪಡೆದು, ಕೈಮುಗಿದು ಹಿಂದಿರುಗುತ್ತಿದ್ದರು. 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅದು ಅಚ್ಚಾಗತೊಡಗಿತು. ಓದಿದವರಿಗೆ ಕಂಡುದೇನು? ಗ್ರಂಥಕಾರರೇ ಅಲ್ಲಿ ಕೈಮುಗಿದು ನಿಂತಿದ್ದಾರೆ!

ಒಂಬತ್ತನೆಯ ಶತಮಾನದ ವೀರಸೇನಾಚಾರ್ಯರು ಗಣಿತ, ತರ್ಕ, ವ್ಯಾಕರಣಗಳಲ್ಲಿ ಪಾರಂಗತರು. ಆದರೂ ಪೂರ್ವಾಚಾರ್ಯರ ಎರಡು ಉಪದೇಶಗಳು ಪರಸ್ಪರ ವಿರುದ್ಧವಾಗಿದ್ದು, ನಿರ್ಣಯಕ್ಕೆ ಆಧಾರ ದೊರೆಯದ ಎಡೆಗಳಲ್ಲಿ ಎರಡನ್ನೂ ಬರೆದಿಟ್ಟು, ನಿಜವಾವುದೆಂಬುದನ್ನು ಕೇವಲಜ್ಞಾನಿಯೇ ಬಲ್ಲನೆಂದು ಸುಮ್ಮನಾಗುತ್ತಾರೆ. ಜೈನರ ದೇವರು ಲೋಕವನ್ನು ಸೃಷ್ಟಿಸಿದವನಲ್ಲ. ಸಕಲವನ್ನೂ ಅರಿತ ಜಿನ. ಆ ಪೂರ್ಣಜ್ಞಾನದ ಮುಂದೆ ತನ್ನ ಅರಿವಿನ ಅಳತೆಯನ್ನು ಒಪ್ಪಿಕೊಳ್ಳುವುದೇ ಅಲ್ಲಿಯ ಶರಣಾಗತಿ.

ಹಾಗಾದರೆ ಬುದ್ಧಿಯನ್ನು ಬದಿಗಿಡುವುದೇ ಭಕ್ತಿಯೇ? ಆ ಗ್ರಂಥದಲ್ಲಿಯೇ ಬರುವ ಕಥೆಯೊಂದು ಉತ್ತರ ಕೊಡುತ್ತದೆ. ಗಿರಿನಗರದ ಗುಹೆಯಲ್ಲಿದ್ದ ಧರಸೇನಾಚಾರ್ಯರು ಇಬ್ಬರು ಶಿಷ್ಯರ ಯೋಗ್ಯತೆಯನ್ನು ಪರೀಕ್ಷಿಸಲು ಒಬ್ಬನಿಗೆ ಅಕ್ಷರ ಹೆಚ್ಚಿದ, ಇನ್ನೊಬ್ಬನಿಗೆ ಅಕ್ಷರ ಕುಂದಿದ ಮಂತ್ರವನ್ನು ಉಪದೇಶಿಸಿದರು. ಸಾಧನೆಯ ಕೊನೆಗೆ ಹಲ್ಲುಬ್ಬಿದ ದೇವತೆಯೊಂದು, ಒಕ್ಕಣ್ಣಿನ ದೇವತೆಯೊಂದು ಕಾಣಿಸಿಕೊಂಡವು. ದೇವತೆಗಳಿಗೆ ಅಂಗವಿಕಾರ ಸಲ್ಲದೆಂದು ತರ್ಕಿಸಿದ ಶಿಷ್ಯರು ಮಂತ್ರಗಳನ್ನು ತಿದ್ದಿ ಜಪಿಸಿದರು. ಗುರುಗಳು ಸಂತುಷ್ಟರಾಗಿ ಅವರಿಗೆ ಆಗಮವನ್ನು ಬೋಧಿಸಿದರು. ತಿದ್ದಲು ಸಾಧ್ಯವಾದುದನ್ನು ತಿದ್ದುವ ವಿವೇಕಕ್ಕೂ, ತಿಳಿಯಲಾಗದುದರ ಮುಂದೆ ಮೌನಕ್ಕೂ ಆ ಪರಂಪರೆಯಲ್ಲಿ ವಿರೋಧವಿಲ್ಲ.

ಇದು ಪಂಡಿತರಿಗೆ ಮಾತ್ರ ಸಲ್ಲುವ ನೀತಿಯೂ ಅಲ್ಲ. ನೆರೆಯ ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದಲ್ಲಿ, ಗದ್ದೆಯ ಗಡಿಗಾಗಿ, ಸಾಲಕ್ಕಾಗಿ, ಒಡಹುಟ್ಟಿದವರ ಪಾಲಿಗಾಗಿ ಹೋರಾಡಿ ಬೇಸತ್ತವರು ವ್ಯಾಜ್ಯವನ್ನು ಮಂಜುನಾಥನ ಸನ್ನಿಧಿಗೊಪ್ಪಿಸಿ, ಹೆಗ್ಗಡೆಯವರ ತೀರ್ಪಿಗೆ ತಲೆಬಾಗುವ ಪದ್ಧತಿ ಬಹುಕಾಲದಿಂದ ಬಂದಿದೆ. ಉಭಯರ ಅಹವಾಲನ್ನೂ ಕೇಳಿದ ಮೇಲೆಯೇ ಅಲ್ಲಿ ನಿರ್ಣಯ. ಕಕ್ಷಿಗಾರರು ಅಲ್ಲಿ ಬಿಟ್ಟುಕೊಡಬೇಕಾದುದು ಒಂದನ್ನೇ: ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನೆಂಬ ಹಟವನ್ನು. ಆ ಹಟ ಬಿಡುವುದು ಗದ್ದೆ ಬಿಡುವುದಕ್ಕಿಂತ ಕಷ್ಟವೆಂಬುದನ್ನು ಬಲ್ಲವರು ಬಲ್ಲರು.

ಇಲ್ಲೊಂದು ಅಪಾಯವೂ ಉಂಟು. ದೇವರ ಇಚ್ಛೆ ಇದೇ ಎಂದು ಸಾರುವವನು ಅನೇಕ ವೇಳೆ ತನ್ನ ಇಚ್ಛೆಯನ್ನೇ ಸಾರುತ್ತಿರುತ್ತಾನೆ. ಕೇಳುವವರು ಪ್ರಶ್ನಿಸಲು ಅಂಜುತ್ತಾರೆ. ವೀರಸೇನರ ಮೌನ ಅಂಥವನಿಗೆ ಎಲ್ಲರಿಗಿಂತಲೂ ಹೆಚ್ಚು ಬೇಕು. ದೇವರ ಅರಿವನ್ನು ನಿಜವಾಗಿ ನಂಬಿದವನು ದೇವರ ಪರವಾಗಿ ಮಾತನಾಡಲು ಅವಸರಪಡುವುದಿಲ್ಲ.