ಪದ ಬರೆದವರಿಗಾಗಿ ಒಂದು ಆಟ

ಅಕ್ಕಂದಿರೇ, ಶಿರೂರಿನ ನಮಗೆ ಯಕ್ಷಗಾನ ಅಂದ್ರೆ ‘ಆಟ’. ಆಟದಲ್ಲಿ ವೇಷದವರ ಮಾತು ಬರೆದಿಟ್ಟದ್ದಲ್ಲ. ರಂಗದಲ್ಲೇ ಹೊಳೆದಂತೆ ಆಡುತ್ತಾರೆ. ಬರೆದಿಟ್ಟದ್ದು ಪದ. ಅದನ್ನು ಭಾಗವತರು ಹಾಡುತ್ತಾರೆ. ಪದ ಬರೆಯುವವರು ಪ್ರಸಂಗಕರ್ತರು. ಅವರು ವೇಷ ಕಟ್ಟಬೇಕಾಗಿಲ್ಲ. ಹಾಗಾಗಿ ಎಷ್ಟೋ ಜನರ ಮುಖ ನಾವು ಕಂಡದ್ದೇ ಇಲ್ಲ!

ಗುಂಡ್ಮಿ ಕಾಳಿಂಗ ನಾವಡರು ‘ನಾಗಶ್ರೀ’ ಪ್ರಸಂಗ ಬರೆದರು. 1990ರಲ್ಲಿ ಅಪಘಾತದಲ್ಲಿ ತೀರಿಹೋದರು. ಅವರು ದೊಡ್ಡ ಭಾಗವತರೂ ಹೌದು. ಅದಕ್ಕೇ ಅವರ ಹೆಸರು ಮನೆಮನೆಗೂ ಗೊತ್ತು. ಬರೀ ಪದ ಬರೆದವರಿಗೆ ಆ ಭಾಗ್ಯ ಕಡಿಮೆ.

ವಯಸ್ಸಾದ ಪ್ರಸಂಗಕರ್ತರಿಗಾಗಿ ‘ಸಹಾಯಾರ್ಥ ಆಟ’ ಇಡಬಹುದು. ಏನಿದು? ಊರಿನ ಸಮಿತಿಯವರು ಮೇಳದವರಲ್ಲಿ ಮಾತಾಡಿ ಒಂದು ರಾತ್ರಿ ಗೊತ್ತು ಮಾಡುತ್ತಾರೆ. ಟಿಕೆಟ್ ಮಾರುತ್ತಾರೆ. ಮೇಳದ ಹಣ, ಚಪ್ಪರ, ದೀಪದ ಖರ್ಚು ಕಳೆದು ಉಳಿದದ್ದು ಸಹಾಯಕ್ಕೆ. ಆಟದ ನಡುವೆ ಸನ್ಮಾನ. ಶಾಲು, ಹಣ್ಣಿನ ತಟ್ಟೆ ಚಂದವೇ. ಆದರೆ ಶಾಲು ಕೊಟ್ಟರೆ ಮದ್ದಿನ ಅಂಗಡಿಯವರು ಮಾತ್ರೆ ಕೊಡ್ತಾರಾ? ಕೈಗೆ ಹಣವೂ ಸೇರಬೇಕು. ಉಡುಪಿಯಲ್ಲಿ ಯಕ್ಷಗಾನ ಕಲಾರಂಗ ಎಂಬ ಸಂಸ್ಥೆ 1975ರಿಂದ ಇದೆ. ಕಷ್ಟದಲ್ಲಿರುವ ಕಲಾವಿದರಿಗೆ ಅದು ನೆರವಾಗುತ್ತದೆ.

ಟಿಕೆಟ್ ಕೊಳ್ಳುವಾಗ ಕರಪತ್ರ ನೀವೇ ಓದಿ. ಹಣ ಯಾರಿಗೆ, ಲೆಕ್ಕ ಯಾವಾಗ ಅಂತ ಕೇಳಿ. ಪ್ರಸಂಗದ ಹೆಸರಿನ ಹತ್ತಿರ ಪದ ಬರೆದವರ ಹೆಸರು ಇದೆಯೋ ನೋಡಿ. ಇಲ್ಲದಿದ್ದರೆ ಅದನ್ನೂ ಕೇಳಿ.