ಕೂಸಿನ ಪಕ್ಕ ತಾಯಿಗೊಂದು ಮಂಚ

ಹೃದಯದ ಗೋಡೆಯಲ್ಲಿ ರಂಧ್ರವಿರುವ ಕೂಸನ್ನು ಕರೆದುಕೊಂಡು ಬೆಂಗಳೂರು ತಲುಪುವಷ್ಟರಲ್ಲಿ ಕೊಪ್ಪಳ ಜಿಲ್ಲೆಯ ಕುಟುಂಬವೊಂದು ಅರ್ಧ ಬಸವಳಿದಿರುತ್ತದೆ. ಅಂಗನವಾಡಿಯ ತಪಾಸಣೆ, ತಾಲ್ಲೂಕು ಆಸ್ಪತ್ರೆ, ಜಿಲ್ಲಾಸ್ಪತ್ರೆ, ಹುಬ್ಬಳ್ಳಿಯ ಕಿಮ್ಸ್, ಎಕೋ, ರೇಷನ್ ಕಾರ್ಡಿನ ಝೆರಾಕ್ಸ್, ಕೊನೆಗೆ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್. ಇಷ್ಟೆಲ್ಲ ದಾಟಿದ ಮೇಲೆ ಒಂದು ದಿನ ಡಾಕ್ಟರು ಥಿಯೇಟರಿನಿಂದ ಹೊರಬಂದು ‘ಆಪರೇಷನ್ ಚೆನ್ನಾಗಿ ಆಯ್ತು’ ಎನ್ನುತ್ತಾರೆ. ಊರಿಗೆ ಫೋನ್ ಹೋಗುತ್ತದೆ. ಅಜ್ಜಿ ಗವಿಸಿದ್ಧೇಶ್ವರನಿಗೆ ಕಾಯಿ ಒಡೆಸುತ್ತಾಳೆ. ತಾಯಿಯ ಪಾಲಿನ ಕಠಿಣ ದಿನಗಳು ಶುರುವಾಗುವುದು ಆಗಲೇ.

ಐಸಿಯುನಲ್ಲಿ ಮೊದಲ ಸಲ ಕೂಸನ್ನು ನೋಡಿದ ತಾಯಿ ಇದು ತನ್ನದೇ ಹೌದೋ ಅಲ್ಲವೋ ಎಂದು ತಡವರಿಸುವುದುಂಟು. ಹೃದಯದ ಕೆಲಸವನ್ನು ಯಂತ್ರಕ್ಕೆ ವಹಿಸಿ ಮಾಡುವ ಶಸ್ತ್ರಚಿಕಿತ್ಸೆಯಾದ ಮೇಲೆ ಮಗುವಿನ ಮುಖ, ಕಣ್ಣಿನ ರೆಪ್ಪೆ ಬಾತುಕೊಂಡಿರುತ್ತವೆ. ಬಾಯಲ್ಲಿ ಉಸಿರಿನ ಕೊಳವೆ, ಎದೆಯಿಂದ ನೀರು ಹೋಗಲು ಇನ್ನೊಂದು ಕೊಳವೆ, ಕೈಗೆ ಹಲಗೆ ಕಟ್ಟಿ ಡ್ರಿಪ್. ಕೊಳವೆ ತೆಗೆದ ಮೇಲೂ ಅಳುವಿನ ದನಿ ಕೆಲವು ದಿನ ಒಡೆದೇ ಇರುತ್ತದೆ. ಬಾವು ಇಳಿಯುತ್ತದೆ, ದನಿ ಮರಳುತ್ತದೆ. ಇಷ್ಟನ್ನು ಮೊದಲೇ ಕನ್ನಡದಲ್ಲಿ ಕೂಡಿಸಿಕೊಂಡು ಹೇಳಿದರೆ ಎಷ್ಟೋ ಎದೆನಡುಕ ತಪ್ಪುತ್ತದೆ. ಅದೇ ಹೊತ್ತಿಗೆ ಅವಳಿಗೆ ಇನ್ನೊಂದು ಕೆಲಸ ಕಾದಿರುತ್ತದೆ. ಕೂಸು ಕುಡಿಯದಿದ್ದರೂ ಎರಡು ಮೂರು ತಾಸಿಗೊಮ್ಮೆ ಎದೆಹಾಲು ಹಿಂಡಿ ತೆಗೆಯುತ್ತಿರಬೇಕು. ಬಿಟ್ಟರೆ ಹಾಲು ಬತ್ತುತ್ತದೆ. ಹೊಟ್ಟೆಗಿಲ್ಲದೆ, ನಿದ್ದೆಯಿಲ್ಲದೆ, ಕಾರಿಡಾರಿನಲ್ಲಿ ಚಾಪೆ ಹಾಸಿಕೊಂಡ ಹೆಣ್ಣುಮಗಳು ಇದನ್ನು ಎಲ್ಲಿ ಕೂತು ಮಾಡಬೇಕು?

ತಾಯಿ ಹತ್ತಿರವಿರುವುದು ಚಿಕಿತ್ಸೆಯ ಭಾಗ ಎಂದು ಒಪ್ಪಲು ವೈದ್ಯಲೋಕಕ್ಕೂ ಬಹಳ ಕಾಲ ಹಿಡಿಯಿತು. 1952ರಲ್ಲಿ ಲಂಡನ್ನಿನ ಜೇಮ್ಸ್ ರಾಬರ್ಟ್‌ಸನ್, ಹೊಕ್ಕುಳ ಹರ್ನಿಯಾದ ಶಸ್ತ್ರಚಿಕಿತ್ಸೆಗೆ ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯನ್ನು ಚಿತ್ರೀಕರಿಸಿದರು. ಅಲ್ಲಿ ಆಗ ಪಾಲಕರು ಬಂದು ಸ್ವಲ್ಪ ಹೊತ್ತು ನೋಡಿ ಹೋಗಬೇಕಿತ್ತು. ಅಳು ನುಂಗಿಕೊಂಡು, ದಿನದಿಂದ ದಿನಕ್ಕೆ ಮಂಕಾಗುವ ಆ ಮಗುವನ್ನು ತೆರೆಯ ಮೇಲೆ ಕಂಡು ಅನೇಕ ಡಾಕ್ಟರುಗಳಿಗೆ ಸಿಟ್ಟೇ ಬಂತು. 1959ರಲ್ಲಿ ಬ್ರಿಟನ್ನಿನ ಪ್ಲ್ಯಾಟ್ ಸಮಿತಿ, ಪಾಲಕರನ್ನು ಮಕ್ಕಳಿಂದ ದೂರವಿಡಬೇಡಿ ಎಂದು ವರದಿ ಕೊಟ್ಟಿತು. ಹಸುಗೂಸುಗಳ ನೋವಿನ ಕಥೆ ಇನ್ನೂ ಕಠೋರ. 1980ರ ದಶಕದವರೆಗೂ ಎಳೆಯ ಶಿಶುಗಳಿಗೆ ನೋವು ಅಷ್ಟಾಗಿ ತಿಳಿಯದೆಂದು ನಂಬಿ, ಸಾಕಷ್ಟು ಅರಿವಳಿಕೆಯಿಲ್ಲದೆ ಕತ್ತರಿ ಹಾಕುತ್ತಿದ್ದ ಕಡೆಗಳಿದ್ದವು. ಭಾರತದಲ್ಲಿ ವೈದ್ಯಶಿಕ್ಷಣ ಪಡೆದು ಆಕ್ಸ್‌ಫರ್ಡಿಗೆ ಹೋಗಿದ್ದ ಡಾ. ಕೆ.ಜೆ.ಎಸ್. ಆನಂದ್ ಮತ್ತು ಸಂಗಡಿಗರು ಅದು ತಪ್ಪೆಂದು 1987ರಲ್ಲಿ ತೋರಿಸಿಕೊಟ್ಟರು. ಸರಿಯಾದ ನೋವುಶಾಮಕ ಪಡೆದ ಅವಧಿಪೂರ್ವ ಶಿಶುಗಳು ಶಸ್ತ್ರಚಿಕಿತ್ಸೆಯ ನಂತರ ಉಳಿದವಕ್ಕಿಂತ ಚೆನ್ನಾಗಿ ಚೇತರಿಸಿಕೊಂಡವು. ಸೂಜಿ ಚುಚ್ಚುವ ಹೊತ್ತಿಗೆ ಎದೆಗೆ ಹಚ್ಚಿ ಹಾಲು ಕುಡಿಸಿದರೆ ಕೂಸಿನ ನೋವು ಕಡಿಮೆಯಾಗುತ್ತದೆಂಬುದೂ ಈಗ ಪ್ರಯೋಗಗಳಿಂದ ಗಟ್ಟಿಯಾದ ಮಾತು.

ಇದಕ್ಕೆ ಲಂಡನ್ನಿನವರೆಗೆ ಹೋಗಬೇಕಾಗಿಯೂ ಇಲ್ಲ, ಪಾಠ ಕೊಪ್ಪಳದಲ್ಲೇ ಇದೆ. ಕಡಿಮೆ ತೂಕದ ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಕಟ್ಟಿ ಬೆಚ್ಚಗಿಡುವ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾಯಿತು. ಅದನ್ನು ಇಡೀ ಜಿಲ್ಲೆಯ ಮಟ್ಟದಲ್ಲಿ ಜಾರಿಗೆ ತರುವ ಬಗೆ ಹೇಗೆಂದು ಇಥಿಯೋಪಿಯಾ ಮತ್ತು ಭಾರತದಲ್ಲಿ ನಡೆದ ಬಹುದೊಡ್ಡ ಅಧ್ಯಯನಕ್ಕೆ ಕರ್ನಾಟಕದಿಂದ ಆಯ್ಕೆಯಾದದ್ದು ಕೊಪ್ಪಳ ಜಿಲ್ಲೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರ್ಕಾರದ ಜೊತೆಗೂಡಿ ನಡೆಸಿದ ಆ ಕೆಲಸದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ದಿನಕ್ಕೆ ಎಂಟು ತಾಸಿಗೂ ಮಿಗಿಲಾಗಿ ಕೂಸು ಎದೆಯ ಮೇಲಿರಬೇಕಾದರೆ ತಾಯಿ ಒರಗಲು ಮಂಚ ಬೇಕು, ಮರೆ ಬೇಕು, ಊಟ ಬೇಕು, ಅವಳು ಎದ್ದಾಗ ಆ ಜಾಗಕ್ಕೆ ಗಂಡನೋ ಅತ್ತೆಯೋ ಬರಬೇಕು. ಸರ್ಕಾರಿ ವ್ಯವಸ್ಥೆಯೊಳಗೇ ಇದು ಸಾಧ್ಯ ಎಂದು ನಮ್ಮ ಜಿಲ್ಲೆಯ ನರ್ಸುಗಳು, ತಾಯಂದಿರು ಮಾಡಿ ತೋರಿಸಿದ್ದಾರೆ. ತೂಕವಿಲ್ಲದ ಕೂಸಿನ ತಾಯಿಗೆ ಸಂದ ಈ ಗೌರವ ಹೊಲಿಗೆ ಹಾಕಿಸಿಕೊಂಡ ಕೂಸಿನ ತಾಯಿಗೆ ಏಕೆ ಸಲ್ಲಬಾರದು? ನನ್ನ ವಾದ ಇಷ್ಟೇ.

ದೇಹದ ದಣಿವಿಗಿಂತ ಕೆಟ್ಟದ್ದು ಮಾತಿನ ಇರಿತ. ಸೀಳುತುಟಿಯ ಕೂಸು ಹುಟ್ಟಿದ ಮನೆಯಲ್ಲಿ ಮೊದಲು ಏಳುವುದು ಗ್ರಹಣದ ಮಾತು. ‘ಗ್ರಹಣದಾಗ ಈಳಿಗಿ ಮುಟ್ಟಬ್ಯಾಡ ಅಂದ್ರ ಕೇಳಲಿಲ್ಲ, ನೋಡು ಈಗ’ ಎಂದು ಹಿರಿಯರು ಬಾಣಂತಿಯ ಎದುರೇ ಆಡಿಬಿಡುತ್ತಾರೆ. ಗ್ರಹಣ ಕಂಡ ದೇಶದಲ್ಲೂ ಕಾಣದ ದೇಶದಲ್ಲೂ ಸುಮಾರು 700 ಕೂಸುಗಳಿಗೆ ಒಂದರಂತೆ ಸೀಳುತುಟಿ ಅಥವಾ ಸೀಳಂಗುಳ ಇರುತ್ತದೆ. ಸಾವಿರಕ್ಕೆ ಎಂಟೊಂಬತ್ತು ಕೂಸುಗಳಿಗೆ ಹೃದಯದ ಹುಟ್ಟುದೋಷವಿರುತ್ತದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ನಮ್ಮ ಕಡೆ ರೂಢಿ, ಅಂಥ ಮದುವೆಗಳಲ್ಲಿ ಹುಟ್ಟುದೋಷದ ಸಾಧ್ಯತೆ ಹೆಚ್ಚೆಂಬುದು ನಿಜ. ಆದರೆ ಆ ಸಂಬಂಧ ಕುದುರಿಸಿದವರು ಹಿರಿಯರು, ಬೈಸಿಕೊಳ್ಳುವವಳು ತಾಯಿ. ತುಟಿ ಹೊಲಿಸಿಕೊಂಡ ಕೂಸು ಬೆರಳು ಬಾಯಿಗೆ ಹಾಕದಂತೆ ಮೊಣಕೈಗೆ ಪಟ್ಟಿ ಕಟ್ಟಿ, ಹಿಂಡಿದ ಹಾಲನ್ನು ಚಮಚದ ತುದಿಯಿಂದ ಕೆನ್ನೆಯ ಒಳಬದಿಗೆ ಹನಿಹನಿಯಾಗಿ ಬಿಡುತ್ತ ಕೂತವಳಿಗೆ ಆ ಮಾತೇ ಕಿವಿಯಲ್ಲಿ ಸುತ್ತುತ್ತಿರುತ್ತದೆ. ಡಿಸ್‌ಚಾರ್ಜಿನ ದಿನ ಡಾಕ್ಟರು ಗಂಡ, ಅತ್ತೆ, ಮಾವ ಎಲ್ಲರನ್ನೂ ಕೂಡಿಸಿ ‘ಇದರಾಗ ತಾಯಿಯ ತಪ್ಪು ಏನೂ ಇಲ್ಲ’ ಎಂದು ಹೇಳಿಬಿಡಬೇಕು. ಔಷಧಿ ಚೀಟಿಯಷ್ಟೇ ಮುಖ್ಯವಾದದ್ದು ಇದು.

ಮನೆಗೆ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಎದೆ ತೆರೆದು ಆಪರೇಷನ್ ಆದ ಕೂಸನ್ನು ಕಂಕುಳಿಗೆ ಕೈಕೊಟ್ಟು ಎತ್ತಬಾರದು. ಒಂದು ಕೈ ಕುತ್ತಿಗೆಯಡಿ, ಇನ್ನೊಂದು ಕುಂಡಿಯಡಿ ಇಟ್ಟು ಬಾಚಿಕೊಂಡಂತೆ ಎತ್ತಬೇಕು, ಎದೆಮೂಳೆ ಕೂಡಲು ಆರು ವಾರದಷ್ಟು ಸಮಯ ಬೇಕು. ನೋಡಲು ಬಂದ ಓಣಿಯವರೆಲ್ಲ ಪ್ರೀತಿಯಿಂದ ಕಂಕುಳಿಗೇ ಕೈ ಹಾಕುತ್ತಾರೆ. ಅಜ್ಜಿಗೆ ಎಣ್ಣೆ ತಿಕ್ಕಿ ಸುಡುಸುಡು ನೀರು ಹಾಕುವ ಆಸೆ, ಊದಿನ ಹೊಗೆ ಹಿಡಿಯುವ ಆಸೆ. ಡಾಕ್ಟರು ಹೇಳುವವರೆಗೆ ಎರಡೂ ಬೇಡ. ಹಾಲು ಕುಡಿಯುವಾಗ ಕೂಸು ಬೆವೆತರೆ, ಉಸಿರು ಜೋರಾದರೆ, ತುಟಿ ನೀಲಿಗಟ್ಟಿದರೆ, ಜ್ವರ ಬಂದರೆ, ಗಾಯ ಒಸರಿದರೆ ಮರುದಿನಕ್ಕೆ ಕಾಯದೆ ಹೊರಡಬೇಕು.

ಗಂಗಾವತಿಯ ನೀರಾವರಿ ಸೀಮೆಯವರಿಗೆ ನಾಟಿ, ಕೊಯ್ಲಿನ ಕೂಲಿ ತಪ್ಪಿದರೆ ಆ ಹಂಗಾಮೇ ಹೋಯಿತು. ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹಳ್ಳಿಗಳ ಎಷ್ಟೋ ಕುಟುಂಬಗಳು ಸುಗ್ಗಿ ಮುಗಿಯುತ್ತಲೇ ಗುಳೆ ಹೋಗುತ್ತವೆ. ಮರುತಪಾಸಣೆಯ ತಾರೀಖು ಬರುವಾಗ ಕೂಸು ಬೇರೆ ಊರಿನ ಕಟ್ಟಡ ಕಾಮಗಾರಿಯ ಪಕ್ಕದ ಶೆಡ್ಡಿನಲ್ಲಿರುತ್ತದೆ. ಬಡವರಿಗೆ ದೊಡ್ಡ ಆಪರೇಷನ್ನುಗಳನ್ನು ಉಚಿತವಾಗಿ ಮಾಡಿಸುವ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಶುರುವಾದದ್ದು ಕೊಪ್ಪಳ ಸೇರಿದ ಅಂದಿನ ಗುಲಬರ್ಗಾ ವಿಭಾಗದಲ್ಲೇ. ಈಗ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯಿದೆ. ಕತ್ತರಿಯ ಖರ್ಚು ಸರ್ಕಾರ ಹೊತ್ತಿದೆ, ನಿಜಕ್ಕೂ ದೊಡ್ಡ ಕೆಲಸ. ಕಳೆದುಹೋದ ಕೂಲಿಯನ್ನು ಹೊರುವವರು ಯಾರು?

ದಾರಿ ಹೊಸದಾಗಿ ಹುಡುಕಬೇಕಿಲ್ಲ. ತೀವ್ರ ಅಪೌಷ್ಟಿಕತೆಯ ಮಕ್ಕಳನ್ನು ಇಟ್ಟುಕೊಳ್ಳುವ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲಿ ಜೊತೆಗಿರುವ ತಾಯಿಗೆ ಊಟದೊಂದಿಗೆ ಕೂಲಿ ನಷ್ಟದ ಪರಿಹಾರ ಕೊಡುವ ಪದ್ಧತಿ ಈಗಾಗಲೇ ಇದೆ. ಅದನ್ನು ಶಸ್ತ್ರಚಿಕಿತ್ಸೆಯ ವಾರ್ಡಿಗೂ, ಮರುತಪಾಸಣೆಯ ದಿನಗಳಿಗೂ ಚಾಚಬೇಕು. ಆಶಾ ಕಾರ್ಯಕರ್ತೆಯರು ಕೂಸಿನ 3, 6, 9, 12, 15ನೇ ತಿಂಗಳಲ್ಲಿ ಮನೆಗೆ ಹೋಗುವ ಕಾರ್ಯಕ್ರಮವೂ ಇದೆ. ಡಿಸ್‌ಚಾರ್ಜ್ ಚೀಟಿಯ ಒಂದು ಪ್ರತಿ ಆಶಾಳ ಕೈಗೆ ಬಂದರೆ ಗಾಯ ನೋಡುವವರು, ತಾರೀಖು ನೆನಪಿಸುವವರು ಓಣಿಯಲ್ಲೇ ಸಿಗುತ್ತಾರೆ. 2025ರ ಮೇ ತಿಂಗಳಿಂದ ಕುಷ್ಟಗಿಯಿಂದ ಹುಬ್ಬಳ್ಳಿಗೆ ರೈಲು ಓಡುತ್ತಿದೆ. ಯಲಬುರ್ಗಾ, ಕುಕನೂರಿನವರಿಗೂ ಅದೇ ದಾರಿ. ಹೊಲಿಗೆಯ ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು ಹೋಗಲು ಬಸ್ಸಿನ ಕುಲುಕಾಟಕ್ಕಿಂತ ಇದು ಎಷ್ಟೋ ಮೇಲು. ಮರುತಪಾಸಣೆಗೆ ಬರುವ ತಾಯಿ–ಕೂಸಿಗೆ ಆ ರೈಲಿನ ಟಿಕೆಟ್ಟು, ಆ ದಿನದ ಕೂಲಿ ಎರಡನ್ನೂ ಡಿಸ್‌ಚಾರ್ಜ್ ಮಾಡುವಾಗಲೇ ಕೈಗೆ ಕೊಟ್ಟು ಕಳಿಸಿ ಎಂದು ಜಿಲ್ಲಾಡಳಿತವನ್ನು ನಮ್ಮ ಶಾಸಕರೂ ಸಂಘಟನೆಗಳೂ ಕೇಳಬೇಕು.