ಹೆಚ್ಚಾದ ಪ್ರೋಟೀನ್ ಎಲ್ಲಿಗೆ ಹೋಗುತ್ತದೆ?

ಪರೀಕ್ಷೆ ಹತ್ತಿರ ಬಂತೆಂದರೆ ಅನೇಕ ಮನೆಗಳಲ್ಲಿ ಮಕ್ಕಳ ಹಾಲಿನ ಲೋಟಕ್ಕೆ ಪ್ರೋಟೀನ್ ಪುಡಿ ಬೀಳತೊಡಗುತ್ತದೆ. ಒಂದು ಚಮಚದ ಬದಲು ಎರಡು ಹಾಕಿದರೆ ಎರಡರಷ್ಟು ಶಕ್ತಿ ಬಂದೀತೆಂಬುದು ತಾಯ್ತಂದೆಯರ ನಂಬಿಕೆ. ದೇಹದ ಲೆಕ್ಕಾಚಾರವೇ ಬೇರೆ.

ಪ್ರೋಟೀನಿಗೆ ನಮ್ಮ ಪಠ್ಯಪುಸ್ತಕಗಳಲ್ಲಿದ್ದ ಹೆಸರು ಸಸಾರಜನಕ. ಸಾರಜನಕ, ಅಂದರೆ ನೈಟ್ರೋಜನ್, ಉಳ್ಳದ್ದು ಎಂದರ್ಥ. ಕತೆಯೆಲ್ಲ ಈ ಹೆಸರಿನಲ್ಲೇ ಅಡಗಿದೆ. ಹೆಚ್ಚಾದ ಪಿಷ್ಟವನ್ನು ದೇಹ ಗ್ಲೈಕೋಜನ್ ಮತ್ತು ಕೊಬ್ಬಿನ ರೂಪದಲ್ಲಿ ಕೂಡಿಡುತ್ತದೆ. ಆದರೆ ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳನ್ನು ತುಂಬಿಡಲು ಅದಕ್ಕೆ ಕಣಜವಿಲ್ಲ. ಸ್ನಾಯು, ಕಿಣ್ವ, ಹಾರ್ಮೋನುಗಳಿಗೆ ಬೇಕಾದಷ್ಟು ಬಳಕೆಯಾದ ಮೇಲೆ ಮಿಕ್ಕವು ಬಹುಪಾಲು ಯಕೃತ್ತಿನಲ್ಲಿ ಒಡೆಯುತ್ತವೆ. ಸಾರಜನಕದ ಭಾಗ ಕಳಚಿಕೊಳ್ಳುತ್ತದೆ. ಉಳಿದ ಇಂಗಾಲದ ಭಾಗ ಉರಿದು ಶಕ್ತಿಯಾಗುತ್ತದೆ, ಇಲ್ಲವೇ ಗ್ಲೂಕೋಸ್ ಅಥವಾ ಕೊಬ್ಬಾಗಿ ಮಾರ್ಪಡುತ್ತದೆ. ದುಬಾರಿ ಪುಡಿ ಕೊನೆಗೆ ಮಾಡುವ ಕೆಲಸ ಒಂದು ಮುದ್ದೆಯೂ ಮಾಡಬಲ್ಲ ಕೆಲಸ!

ಕಳಚಿದ ಸಾರಜನಕ ಅಮೋನಿಯಾ ಆಗುತ್ತದೆ. ಅದು ಮಿದುಳಿಗೆ ವಿಷ. ಯಕೃತ್ತು ಅದನ್ನು ಯೂರಿಯಾ ಆಗಿ ಬದಲಿಸಿದರೆ ಮೂತ್ರಪಿಂಡಗಳು ಹೊರಹಾಕುತ್ತವೆ. ಈ ಚಕ್ರವನ್ನು 1932ರಲ್ಲಿ ಜರ್ಮನಿಯಲ್ಲಿ ಕಂಡುಹಿಡಿದವರು ಹ್ಯಾನ್ಸ್ ಕ್ರೆಬ್ಸ್ ಮತ್ತು ಕುರ್ಟ್ ಹೆನ್ಸೆಲೈಟ್. ರೈತರು ಗದ್ದೆಗೆ ಎರಚುವ ಯೂರಿಯಾ ಕೂಡ ಇದೇ ವಸ್ತು. 100 ಗ್ರಾಂ ಪ್ರೋಟೀನ್ ಪೂರ್ತಿ ಒಡೆದರೆ ಸುಮಾರು 34 ಗ್ರಾಂ ಯೂರಿಯಾ ಆಗುತ್ತದೆ. ಆರೋಗ್ಯವಂತರ ಮೂತ್ರಪಿಂಡ ಈ ಭಾರ ಹೊತ್ತೀತು. ಮೂತ್ರಪಿಂಡದ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಪುಡಿ ಮುಟ್ಟಬಾರದು.

ಹಾಗಾದರೆ ಬೇಕಾದದ್ದೆಷ್ಟು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ, 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ. ಬೆಳೆಯುವ ಮಕ್ಕಳಿಗೆ ತೂಕಕ್ಕೆ ಹೋಲಿಸಿದರೆ ತುಸು ಹೆಚ್ಚು ಬೇಕು.

ಪ್ರಮಾಣದಷ್ಟೇ ಮುಖ್ಯವಾದದ್ದು ಹೊಂದಾಣಿಕೆ. ಇಪ್ಪತ್ತು ಅಮೈನೋ ಆಮ್ಲಗಳಲ್ಲಿ ಒಂಬತ್ತನ್ನು ದೇಹ ತಾನಾಗಿ ತಯಾರಿಸಲಾರದು, ಆಹಾರದಿಂದಲೇ ಬರಬೇಕು. ಅವುಗಳಲ್ಲಿ ಒಂದು ಕಡಿಮೆಯಾದರೂ ಉಳಿದವು ಕಟ್ಟಡದ ಕೆಲಸಕ್ಕೆ ಪೂರ್ತಿ ಒದಗದೆ ಯೂರಿಯಾದ ದಾರಿ ಹಿಡಿಯುತ್ತವೆ. ಅಕ್ಕಿಯಲ್ಲಿ ಲೈಸಿನ್ ಕಡಿಮೆ, ಬೇಳೆಯಲ್ಲಿ ಧಾರಾಳ. ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೋನಿನ್ ಅಕ್ಕಿಯಲ್ಲಿದೆ. ನಮ್ಮ ಅನ್ನ-ಹುಳಿ, ಇಡ್ಲಿ, ಬಿಸಿಬೇಳೆಬಾತ್ ಈ ಕೊರತೆಯನ್ನು ಎಂದೋ ತುಂಬಿಸಿಕೊಂಡಿವೆ. ಆದರೆ ತಟ್ಟೆಯ ತುಂಬ ಅನ್ನ, ಮೇಲೆ ತಿಳಿಸಾರು ಎಂದರೆ ಸಾಲದು. ಬೇಳೆ ಗಟ್ಟಿಯಾಗಿರಬೇಕು, ಜೊತೆಗೆ ಹಾಲು, ಮೊಸರು ಅಥವಾ ಮೊಟ್ಟೆ ಇದ್ದರೆ ಒಳ್ಳೆಯದು.

ಜೀವಸತ್ವಗಳ ಮಾತೂ ಇಷ್ಟೇ. ಬಿ ಗುಂಪಿನ ಬಹುಪಾಲು ಮತ್ತು ಸಿ ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತವೆ. ಬಿ ಕಾಂಪ್ಲೆಕ್ಸ್ ಗುಳಿಗೆ ನುಂಗಿದ ದಿನ ಮೂತ್ರ ಹಳದಿಯಾಗುವುದು ರೈಬೋಫ್ಲೇವಿನ್‌ನಿಂದ. ಎ ಮತ್ತು ಡಿ ಹಾಗಲ್ಲ, ಒಳಗೇ ಉಳಿದು ಅತಿಯಾದರೆ ಕೆಡುಕು ಮಾಡುತ್ತವೆ. ಹೆಚ್ಚಾದ ಕಬ್ಬಿಣವನ್ನು ಹೊರಗೆ ಕಳಿಸುವ ದಾರಿಯೇ ದೇಹಕ್ಕಿಲ್ಲ. ದೊಡ್ಡವರ ಕಬ್ಬಿಣದ ಗುಳಿಗೆಗಳನ್ನು ಪುಟ್ಟ ಮಕ್ಕಳ ಕೈಗೆ ಎಟುಕದಂತೆ ಇಡಬೇಕು.